ಒಂದೇ ಬೂಟಿನ ಯಾತ್ರಿಕ

ನನ್ನ ಹೆಂಡತಿ ಸುಲೋಚನಾಳ ಮಂಡಿಗಳು ಗಟ್ಟಿಮುಟ್ಟಾಗಿವೆ. ಈ ಮಾತನ್ನು ಮೊದಲ ಸಾಲಿನಲ್ಲೇ ಬರೆದುಬಿಡಬೇಕು. ಏಕೆಂದರೆ ನೆದರ್‌ಲ್ಯಾಂಡ್ಸ್‌ನ ಒಂದು ಪ್ರವಾಸಿ ಹಡಗಿನಲ್ಲಿ ಅಡುಗೆಯವನಿಂದ ಹಿಡಿದು ಕಪ್ತಾನನವರೆಗೆ ಎಲ್ಲರೂ ಆ ಮಂಡಿಗಳ ಬಗ್ಗೆ ಮರುಗಿದ್ದಾರೆ. ಅವಳ ಕುರ್ಚಿಗೆ ದಿಂಬು ತಂದಿಟ್ಟಿದ್ದಾರೆ, ಮೆಟ್ಟಿಲು ಬಂದಾಗಲೆಲ್ಲ ತೋಳು ಹಿಡಿದಿದ್ದಾರೆ. ಅವಳಿಗೆ ಅದೆಲ್ಲ ಆ ದೇಶದ ಪದ್ಧತಿ ಅನ್ನಿಸಿತ್ತು. ಪದ್ಧತಿಯಲ್ಲ, ನಾನು ಹೇಳಿದ ಸುಳ್ಳು.

ಹಾಲೆಂಡಿಗೆ ಹೋಗಿಬಂದವರು ಹೂವಿನ ಹೊಲ, ಗಾಳಿಗಿರಣಿ ಎಂದು ಬರೆಯುತ್ತಾರೆ. ನಾವು ಹೋಗುವಷ್ಟರಲ್ಲಿ ಹೂವು ಮುಗಿದಿತ್ತು. ಗಾಳಿಗಿರಣಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆವು, ಅದು ತಿರುಗುತ್ತಿರಲಿಲ್ಲ. ಆದ್ದರಿಂದ ನನ್ನ ಬಳಿ ಬರೆಯಲು ಉಳಿದಿರುವುದು ಮಂಡಿಯ ವಿಷಯವೇ.

ಬಾಡ್‌ಹೂವೆಡಾರ್ಪ್

ಮಗಳು ವೀಣಾ ಇರುವುದು ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಪಕ್ಕದ ಈ ಹಳ್ಳಿಯಲ್ಲಿ. ಹಳ್ಳಿ ಎಂದರೆ ನಮ್ಮ ಲೆಕ್ಕದ ಹಳ್ಳಿಯಲ್ಲ. ಎಮ್ಮೆ ಇಲ್ಲ, ಕಟ್ಟೆ ಇಲ್ಲ, ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ವಿಚಾರಿಸುವವರಂತೂ ಇಲ್ಲವೇ ಇಲ್ಲ. ತಲೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಬರುತ್ತವೆಂದರೆ, ಹಿತ್ತಲಿನ ತಂತಿಗೆ ಸೀರೆ ಒಣಹಾಕುವಾಗ ಸುಲೋಚನಾ ಪ್ರತಿಸಲ ಮೇಲೆ ನೋಡುತ್ತಿದ್ದಳು. ಗಾಲಿಗೆ ಸೆರಗು ಸಿಕ್ಕರೆ ಸೀರೆ ಸೀದಾ ಬೆಂಗಳೂರು ಮುಟ್ಟುತ್ತದೆ ಎಂಬುದು ಅವಳ ಭಯ.

ವೀಣಾ ನಮಗಾಗಿ ಒಂದು ಹಡಗಿನ ಪ್ರವಾಸ ಗೊತ್ತು ಮಾಡಿದ್ದಳು. ವಯಸ್ಸಾದವರಿಗೆಂದೇ ಇರುವ ಸಣ್ಣ ಹಡಗು; ಆಮ್‌ಸ್ಟರ್‌ಡ್ಯಾಮ್‌ನಿಂದ ಉತ್ತರಕ್ಕೆ ಹೋಗಿ, ಒಂದು ದ್ವೀಪ ಮುಟ್ಟಿ, ಕೊನೆಗೆ ಗ್ರೋನಿಂಗನ್ ಎಂಬ ಊರಿನಲ್ಲಿ ಇಳಿಸುತ್ತದೆ. ಪೆಟ್ಟಿಗೆ ಎತ್ತುವುದಿಲ್ಲ, ಹೋಟೆಲ್ ಹುಡುಕುವುದಿಲ್ಲ.

"ಅಪ್ಪಾ, ಬೆಳಿಗ್ಗೆ ಎದ್ದಾಗ ಊರೇ ನಿಮ್ಮ ಹತ್ರ ಬಂದಿರುತ್ತೆ," ಎಂದಳು. "ಎಲ್ಲಿ ಇಳಿದು ಏನು ನೋಡ್ಬೇಕು ಅಂತ ಚೂಸ್ ಮಾಡೋದಷ್ಟೇ ನಿಮ್ಮ ಕೆಲಸ."

ಆರಿಸುವ ಕೆಲಸ ನನಗೆ ಹೊಸದಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಂಡಕ್ಟರ್ ಆಗಿ ಸೇರಿ, ಹಾವೇರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಯಾವ ಬಸ್ಸು ಯಾವ ಅಂಕಣಕ್ಕೆ, ಯಾರು ಎಲ್ಲಿ ನಿಲ್ಲಬೇಕು ಎಂದು ಮೈಕಿನಲ್ಲಿ ಹೇಳಿಯೇ ಬದುಕು ಸಾಗಿಸಿದ್ದೇನೆ. ಮನೆಯಲ್ಲೂ ಅದೇ. ಮದುವೆ ಮುಂಜಿಗೆ ಯಾವ ಬಸ್ಸಿಗೆ ಹೋಗಬೇಕು, ಯಾವ ಬಸ್ಸಿಗೆ ವಾಪಸು ಬರಬೇಕು ಎಂದು ನಾನು ಹೇಳಿದರೆ ಮುಗಿಯಿತು. ಸುಲೋಚನಾಳನ್ನು ಕೇಳಿದ ನೆನಪಿಲ್ಲ.

ಈಗ ನನ್ನ ಕಾಲಿನ ವಿಷಯ. ಹೋದ ವರ್ಷದಿಂದ ಸ್ವಲ್ಪ ದೂರ ನಡೆದರೆ ಸಾಕು, ಬಲಗಾಲಿನ ಮೀನಖಂಡ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ನಿಂತರೆ ತಾನಾಗಿ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ನಿಂತರೆ ಹೋಗುವ ನೋವು ನೋವೇ ಅಲ್ಲ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಡಾಕ್ಟರು, ಡಾಕ್ಟರಿಂದ ವೀಣಾ, ವೀಣಾಳಿಂದ ಟಿಕೆಟ್ ರದ್ದು. ಅದು ಅರ್ಧ ಕಾರಣ. ಇನ್ನರ್ಧ ಬರೀ ಜಂಬ. ದಿನವಿಡೀ ನಿಂತು ಬಸ್ಸು ಬಿಟ್ಟವನು ಈಗ ನಿಂತು ನಿಂತು ನಡೆಯುತ್ತಾನೆ ಎಂದು ಯಾರೂ ಅನ್ನಬಾರದು.

ಆಮ್‌ಸ್ಟರ್‌ಡ್ಯಾಮ್ ಹಡಗುಕಟ್ಟೆ

ಹಡಗಿನ ಬಾಗಿಲಲ್ಲೇ ಒಂದು ದೊಡ್ಡ ಹಲಗೆ, ಅದರ ತುಂಬ ಕೊಕ್ಕೆಗಳು. ಪ್ರತಿಯೊಬ್ಬರಿಗೂ ಕೋಣೆಯ ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಮರುದಿನದ ಪ್ರವಾಸಗಳನ್ನು ಹಲಗೆಯ ಮೇಲೆ ಚಿತ್ರ ಸಮೇತ ಹಾಕಿರುತ್ತಾರೆ. ಒಂದು ಬೂಟಿನ ಚಿತ್ರ ಇದ್ದರೆ ಸುಲಭದ ಪ್ರವಾಸ, ಎರಡಿದ್ದರೆ ಮಧ್ಯಮ, ಮೂರಿದ್ದರೆ ಕಾಲು ಗಟ್ಟಿಯಿದ್ದವರಿಗೆ. ಬೇಕಾದ ಪ್ರವಾಸದ ಕೆಳಗೆ ನಮ್ಮ ಬಿಲ್ಲೆ ತೂಗುಹಾಕಬೇಕು. ಹಿಂತಿರುಗಿ ಬಂದಮೇಲೆ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಪ್ರವಾಸ ಮುಗಿದಮೇಲೂ ಬಿಲ್ಲೆ ಅಲ್ಲೇ ತೂಗುತ್ತಿದ್ದರೆ ಆ ಮನುಷ್ಯ ಇನ್ನೂ ದಡದಲ್ಲಿದ್ದಾನೆ ಎಂದು ಅರ್ಥ, ಹಡಗು ಬಿಡುವುದಿಲ್ಲ. ನಮ್ಮ ನಿಲ್ದಾಣದಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟೋ ಅತ್ತೆ ಸೊಸೆಯರ ಜಗಳ ತಪ್ಪುತ್ತಿತ್ತು ಎಂದುಕೊಂಡೆ.

ಪ್ರವಾಸಗಳ ಉಸ್ತುವಾರಿ ಮಾರಿಕೆ ಎಂಬ ಹೆಣ್ಣುಮಗಳದು. ಎತ್ತರದ ಆಳು, ನರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದಾಳೆ. ಮೊದಲ ಸಂಜೆ ಎಲ್ಲರನ್ನೂ ಕೂರಿಸಿ, ನಡೆಯಲು ಯಾರಿಗೆ ತೊಂದರೆ ಇದೆ ಎಂದು ಕೇಳಿದಳು. ಆಗ ನೋಡಬೇಕಿತ್ತು. ಒಬ್ಬೊಬ್ಬರೂ ಎದ್ದು, ಮದುವೆಮನೆಯಲ್ಲಿ ಯಾರು ಏನು ಆಯೇರಿ ಕೊಟ್ಟರೆಂದು ಓದಿದ ಹಾಗೆ, ತಮ್ಮ ಸೊಂಟ, ಬೆನ್ನು, ಹೃದಯದ ಕಥೆ ಒಪ್ಪಿಸಿದರು. ಒಬ್ಬರು ತಮಗೆ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಎಂದು ತುಂಬಿದ ಸಭೆಯಲ್ಲಿ ಹೇಳಿದರು, ಮಾರಿಕೆ ಥ್ಯಾಂಕ್ಸ್ ಹೇಳಿದಳು. ನಮ್ಮಲ್ಲಿ ಇದನ್ನು ಡಾಕ್ಟರಿಗೂ ಮೂರನೆಯ ಭೇಟಿಯಲ್ಲಿ ಹೇಳುತ್ತೇವೆ.

ಸರದಿ ನನಗೆ ಬಂತು. ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಬಾಯಿ ತಾನಾಗಿ, "ಮೈ ವೈಫ್. ಮಂಡಿ ಪ್ರಾಬ್ಲಂ," ಎಂದು, ಮಂಡಿಗೆ ಇಂಗ್ಲಿಷ್ ನೆನಪಾಗದೆ ನನ್ನ ಮಂಡಿಯನ್ನೇ ಮುಟ್ಟಿ ತೋರಿಸಿತು. ಪಕ್ಕದಲ್ಲಿದ್ದ ಸುಲೋಚನಾಳಿಗೆ 'ವೈಫ್' ಎಂಬುದಷ್ಟೇ ತಿಳಿಯಿತು. ಪರಿಚಯ ಮಾಡಿಸುತ್ತಿದ್ದೇನೆಂದು ಎದ್ದು ಕೈಮುಗಿದಳು.

ನನ್ನ ಪರವಾಗಿ ಒಂದು ಮಾತು. ಊರಿನಲ್ಲಿ ಸಂತೆಗೆ ಹೋದಾಗ, ಗುಡಿಗೆ ಹೋದಾಗ ಅವಳು ಆಗಾಗ, "ಮಂಡಿ ಹಿಡದೈತ್ರಿ, ಸ್ವಲ್ಪ ಕೂಡೂಣು," ಎನ್ನುತ್ತಿದ್ದದ್ದು ನಿಜ. ಅವಳು ಹಾಗೆಂದಾಗಲೆಲ್ಲ ನಾನು ಬೇಸರ ತೋರಿಸುತ್ತ, ಒಳಗೊಳಗೇ ಖುಷಿಯಾಗಿ ಕೂರುತ್ತಿದ್ದೆ. ಹಾಗಾಗಿ ಪೂರ್ತಿ ಸುಳ್ಳಲ್ಲ ಎಂದು ಆ ಸಂಜೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಎರಡೂ ಬಿಲ್ಲೆಗಳನ್ನು ಒಟ್ಟಿಗೆ ಹಿಡಿದು ಒಂದು ಬೂಟಿನ ಕೆಳಗೆ ತೂಗುಹಾಕಿ ಮಲಗಿದೆ.

ಎಂಕ್‌ಹೌಸನ್

ನನ್ನಂಥವರು ಮುಂದೆ ಹೋಗುವುದಿದ್ದರೆ ಇದನ್ನು ನೆನಪಿಡಿ: ಹಲಗೆಯ ಮೇಲಿನ ಬೂಟು ಡಚ್ಚರ ಬೂಟು. ಎಂಬತ್ತು ದಾಟಿದ ಮುದುಕಿಯರು ಎದುರುಗಾಳಿಯಲ್ಲಿ ಸೈಕಲ್ ತುಳಿದು ತರಕಾರಿ ತರುವ ದೇಶ ಅದು. ಅವರ ಒಂದು ಬೂಟು ನಮ್ಮ ಎರಡಕ್ಕೆ ಸಮ. ಕೈಗಾಡಿ ತಳ್ಳಿಕೊಂಡು ನಡೆಯುವ ಅಜ್ಜಿಯರು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಕ್ಕು ಹೋದರು.

ಬಂದರಿನಿಂದ ಹಳೆಯ ಬೀದಿಗೆ ಹೊರಳುವಷ್ಟರಲ್ಲಿ ಕಾಲು ಹಿಡಿಯಿತು. ನಿಲ್ಲಬೇಕು, ಆದರೆ ಕಾರಣ ಬೇಕು. ದೇವರ ದಯೆ, ಆ ದೇಶದ ಮನೆಗಳಿಗೆ ಬೀದಿಗೇ ದೊಡ್ಡ ಕಿಟಕಿ, ಪರದೆ ಎಳೆಯುವುದಿಲ್ಲ. ಕಿಟಕಿಯ ಅಂಚಿನ ಮೇಲೆ ಹೂಕುಂಡ, ದೀಪ, ಬೊಂಬೆಗಳನ್ನು ಜೋಡಿಸಿರುತ್ತಾರೆ. ನಾನು ಒಂದು ಕಿಟಕಿಯ ಮುಂದೆ ನಿಂತು, ಅಲ್ಲಿದ್ದ ಎರಡು ಪಿಂಗಾಣಿ ನಾಯಿಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದೆ. ಕಾಲು ಬಿಡುವ ತನಕ ನೋಡಬೇಕಲ್ಲ, ನೋಡಿದೆ. ಒಳಗೆ ಮೇಜಿನ ಹತ್ತಿರ ಕೂತಿದ್ದ ಹೆಂಗಸು ನನ್ನನ್ನು ನೋಡಿದಳು. ನಾನು ನಾಯಿ ನೋಡಿದೆ. ಅವಳು ಎದ್ದು ಹೊರಗೆ ಬಂದಳು.

ಬೈಯುತ್ತಾಳೆ ಎಂದುಕೊಂಡೆ. ಅವಳು ಯಾರು ಬೇಕು ಎಂದು ಕೇಳಿದಳು. ನಾನು ನಾಯಿಗಳು ಚೆನ್ನಾಗಿವೆ ಎಂದೆ. ಅಷ್ಟೇ ಸಾಕಾಯಿತು. ಹಿಂದೆ ಕಡಲಿಗೆ ಹೋಗುವವರ ಮನೆಗಳಲ್ಲಿ ಇಂಥ ಜೋಡಿ ನಾಯಿ ಇರುತ್ತಿದ್ದವಂತೆ. ಗಂಡ ಹಡಗಿನಲ್ಲಿದ್ದರೆ ಹೆಂಡತಿ ನಾಯಿಗಳ ಮುಖವನ್ನು ಬೀದಿಗೆ ತಿರುಗಿಸುತ್ತಿದ್ದಳು, ಅವನ ದಾರಿ ಕಾಯಲಿ ಎಂದು. ಅವನು ಮನೆಗೆ ಬಂದಮೇಲೆ ಒಳಗೆ ತಿರುಗಿಸುತ್ತಿದ್ದಳು. ಅವಳ ಕಥೆ ಮುತ್ತಜ್ಜಿಯ ತನಕ ಹೋಗಿ ಬರುವ ಹೊತ್ತಿಗೆ ಇಡೀ ತಂಡ ನನಗಾಗಿ ಬೀದಿಯ ಕೊನೆಯಲ್ಲಿ ನಿಂತಿತ್ತು. ನನ್ನ ಕಾಲಂತೂ ಹೂವಿನಷ್ಟು ಹಗುರವಾಗಿತ್ತು.

ಅಂದು ಇನ್ನೂ ಕೆಲವು ಕಿಟಕಿಗಳಾದವು. "ಯಾಕ್ರೀ, ಮಂದಿ ಮನಿ ಒಳಗ ಹಂಗ ಹಣಿಕಿ ಹಾಕ್ತೀರಿ?" ಎಂದು ಸುಲೋಚನಾ ಕೇಳಿದಳು. ಕಲೆ ಎಂದೆ. ಅವಳು ಮತ್ತೇನೂ ಕೇಳದೆ, ನಾನು ಹೊರಡುವ ತನಕ ಪಕ್ಕದಲ್ಲೇ ನಿಂತಳು.

ಹಾರ್ಲಿಂಗನ್

ಸುಳ್ಳು ಹೇಳಿದವನಿಗೆ ಒಳ್ಳೆಯವರ ಸಹವಾಸ ಬಹಳ ಕಷ್ಟ. ಮರುದಿನ ಬೆಳಿಗ್ಗೆ ಮಾರಿಕೆ ಖುಷಿಯಿಂದ ಬಂದು, ನನಗೆ ಮನೆಯ ಮುಂಭಾಗಗಳಲ್ಲಿ ಇಷ್ಟು ಆಸಕ್ತಿ ಇರುವುದನ್ನು ಗಮನಿಸಿದ್ದಾಗಿಯೂ, ನನಗಾಗಿಯೇ ಹಾರ್ಲಿಂಗನ್‌ನ ಹಳೆಯ ಗೋಡೆಗಳ ಕೆತ್ತನೆಕಲ್ಲು ತೋರಿಸುವ ನಡಿಗೆಯೊಂದನ್ನು ಏರ್ಪಡಿಸಿದ್ದಾಗಿಯೂ ಹೇಳಿದಳು. ಎರಡು ಬೂಟು. ಊರಿನ ಇತಿಹಾಸ ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ಕೋಟು ಹಾಕಿಕೊಂಡು ದಡದಲ್ಲಿ ಆಗಲೇ ಕಾಯುತ್ತಿದ್ದರು.

ನಾನು ಬಂದರೆ ಹೆಂಡತಿ ಒಬ್ಬಳೇ ಆಗುತ್ತಾಳೆ, ಪಾಪ, ಅವಳ ಮಂಡಿ ಎಂದೆ. ಮಾರಿಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ಎಂಥ ಗಂಡ ಎನ್ನುವ ಹಾಗೆ ನೋಡಿದಳು. ಮೇಷ್ಟ್ರನ್ನು ವಾಪಸು ಕಳಿಸಿದಳು. ಆ ಕೋಟು ಬೆನ್ನು ತೋರಿಸಿ ದೂರವಾಗುವುದನ್ನು ನೋಡಿದಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ಆ ದಿನ ನಾವಿಬ್ಬರೂ ಬಸ್ಸಿನಲ್ಲಿ ಕೂತು ಚೀಸ್ ಮಾಡುವ ಮನೆಗೆ ಹೋದೆವು. ಚೀಸಿನ ಒಂದೊಂದು ಚಕ್ರವೂ ನಮ್ಮ ಬೀಸುವ ಕಲ್ಲಿನ ಗಾತ್ರ. ಸುಲೋಚನಾ ಒಂದು ಚೂರು ಬಾಯಿಗಿಟ್ಟು, "ಬೆಲ್ಲ ಇದ್ದಿದ್ದರ ಚಲೋ ಆಕ್ಕಿತ್ತು," ಎಂದಳು. ವಾಪಸು ಬರುವಾಗ ದಡದ ಏರಿಯ ಮೇಲೆ ಬೇರೊಂದು ನಡಿಗೆಗೆ ಹೊರಟಿದ್ದ ಎರಡು ಬೂಟಿನವರನ್ನು ಬಸ್ಸಿನ ಕಿಟಕಿಯಿಂದ ಅವರು ಮರೆಯಾಗುವ ತನಕ ನೋಡಿದಳು.

ಟೆರ್ಸ್‌ಕೆಲಿಂಗ್, ಸಂಜೆ

ದ್ವೀಪ ಮುಟ್ಟಿದ ಸಂಜೆ ಮಾರಿಕೆ ದೊಡ್ಡ ಪರದೆಯ ಮೇಲೆ ಚಿತ್ರ ತೋರಿಸಿದಳು. ಅಲ್ಲಿಯ ಸಮುದ್ರ ದಿನಕ್ಕೆರಡು ಸಲ ಎದ್ದು ಹೊರಟುಹೋಗುತ್ತದೆ. ಇಳಿತದ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಬರೀ ಕೆಸರಿನ ನೆಲ. ಜನ ಮಾರ್ಗದರ್ಶಿಯ ಹಿಂದೆ ಸಾಲಾಗಿ ಆ ನೆಲದ ಮೇಲೆ ನಡೆದು ಹೋಗಿ, ನೀರು ಮರಳುವ ಮೊದಲು ದಡ ಸೇರುತ್ತಾರೆ. ಮೂರು ಬೂಟು.

ಸುಲೋಚನಾ ನನ್ನ ತೋಳು ಹಿಡಿದಳು. ಅವಳು ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು.

"ಬ್ಯಾಸಿಗ್ಯಾಗ ನಾವು ಹೊಳಿ ಒಳಗ ನಡಕೋತ ಆಚಿ ದಂಡಿಗೆ ಸೋದರತ್ತಿ ಊರಿಗೆ ಹೋಗತಿದ್ವಿ," ಎಂದಳು. "ಸಮುದ್ರದಾಗೂ ಹಂಗ ನಡೀಬಹುದಾ? ನಾ ಹೋಗ್ತೀನ್ರಿ."

ಅವಳು ನನ್ನನ್ನು ಕೇಳಲಿಲ್ಲ, ಹೇಳಿದಳು. ನನ್ನ ಜೇಬಿನಿಂದ ತನ್ನ ಬಿಲ್ಲೆಯನ್ನು ತಾನೇ ತೆಗೆದುಕೊಂಡು ಹೋಗಿ ಮೂರು ಬೂಟಿನ ಕೆಳಗೆ ಹಾಕಿದಳು. ಮಾರಿಕೆ ಅದನ್ನು ನೋಡಿ ಹತ್ತಿರ ಬಂದು, ಅವಳ ಕೈ ಹಿಡಿದು, ನನ್ನ ಕಡೆ ತಿರುಗಿದಳು. ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡಬೇಕು, ಮಂಡಿ ಕೆಟ್ಟವರನ್ನು ಕರೆದೊಯ್ಯುವ ಹಾಗಿಲ್ಲ, ನೀರು ಯಾರಿಗೂ ಕಾಯುವುದಿಲ್ಲ. ತನಗೆ ಬಹಳ ಬೇಸರವಾಗುತ್ತಿದೆ, ದಯವಿಟ್ಟು ನಿಮ್ಮ ಭಾಷೆಯಲ್ಲಿ ಹೇಳಿ ಎಂದಳು.

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಇಬ್ಬರು ಹೆಂಗಸರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಇಬ್ಬರದ್ದೂ ಬರುವವನು ನಾನೊಬ್ಬನೇ.

"ಫುಲ್ ಆಗೇತಂತ," ಎಂದೆ. "ಸೀಟ್ ಇಲ್ಲಂತ."

ನಿಲ್ದಾಣದಲ್ಲಿ ಸಾವಿರಾರು ಜನಕ್ಕೆ ಹೇಳಿದ ಮಾತು. ಇಷ್ಟು ಭಾರವಾಗಿ ಎಂದೂ ಬಾಯಿಂದ ಹೊರಗೆ ಬಂದಿರಲಿಲ್ಲ. ಸುಲೋಚನಾ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟಳು. ನಾವು ಅಲ್ಲೇ ನಿಂತಿರುವಾಗಲೇ ಗಂಡಹೆಂಡಿರಿಬ್ಬರು ಬಂದು ಅದೇ ಕೊಕ್ಕೆಗಳಿಗೆ ತಮ್ಮ ಬಿಲ್ಲೆ ಹಾಕಿ ಹೋದರು. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವರು ಮೊದಲೇ ಹೇಳಿಟ್ಟಿದ್ದರಂತೆ ಎಂದೆ. ಅವಳು ಕೋಣೆಗೆ ಹೋದಳು.

ನಾನು ಹಡಗಿನ ಮೇಲಿನ ಡೆಕ್ಕಿಗೆ ಹೋಗಿ ಕುಳಿತೆ. ಊಟವಾಗಿ ಬಹಳ ಹೊತ್ತಾಗಿದ್ದರೂ ಬಿಸಿಲು ಇನ್ನೂ ಇತ್ತು. ಆ ದೇಶದಲ್ಲಿ ಬೇಸಿಗೆಯ ಸೂರ್ಯ ಎದ್ದು ಹೋಗಲು ಮನಸ್ಸಿಲ್ಲದ ನೆಂಟ. ನಮ್ಮ ಊಟದ ಮೇಜಿನ ಸಂಗಾತಿ ಹೆಂಕ್ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕೂತರು. ರಾಟರ್‌ಡ್ಯಾಮ್‌ನಲ್ಲಿ ಟ್ರಾಮ್ ಓಡಿಸಿದವರು, ಹೆಂಡತಿ ತೀರಿಕೊಂಡಿದ್ದಾರೆ. ಬಸ್ಸಿನವನಿಗೂ ಟ್ರಾಮಿನವನಿಗೂ ಮೊದಲ ದಿನವೇ ಸ್ನೇಹವಾಗಿತ್ತು. ಹೆಂಕ್ ಪೀಠಿಕೆ ಹಾಕುವವರಲ್ಲ. ಯಾವ ಕಾಲು, ಬಲವೋ ಎಡವೋ ಎಂದು ಕೇಳಿದರು.

ನಾನು ಬೆಚ್ಚಿದೆ. ಅವರು ನಕ್ಕರು. ತಮಗೂ ಅದೇ ಇದೆಯಂತೆ. ಕಾಲಿನ ರಕ್ತನಾಳ ಕಟ್ಟಿಕೊಂಡು ಬರುವ ನೋವು. ಅವರ ಭಾಷೆಯಲ್ಲಿ ಅದಕ್ಕೆ 'ಅಂಗಡಿ ಕಿಟಕಿಯ ಕಾಲು' ಎಂದೇ ಹೆಸರಂತೆ. ನೋವಾದಾಗ ಜನ ಅಂಗಡಿಯ ಕಿಟಕಿ ನೋಡುವ ನೆಪ ಮಾಡಿ ನಿಲ್ಲುತ್ತಾರೆ. ಎಂಕ್‌ಹೌಸನ್‌ನಲ್ಲಿ ನನ್ನ ಎರಡನೆಯ ಕಿಟಕಿಗೇ ತಮಗೆ ತಿಳಿಯಿತು ಎಂದರು. ನಾನು ನನ್ನದೇ ಎಂದುಕೊಂಡಿದ್ದ ಉಪಾಯಕ್ಕೆ ಒಂದು ದೇಶವೇ ಹೆಸರಿಟ್ಟು ಕೂತಿದೆ.

ಡಾಕ್ಟರರ ಮದ್ದು ಏನೆಂದು ಕೇಳಿದೆ. ನಡೆ, ನೋವಾದರೆ ನಿಲ್ಲು, ಮತ್ತೆ ನಡೆ ಎಂದು ಹೇಳಿದ್ದಾರಂತೆ. ಜತೆಗೆ ಕೆಲವು ಗುಳಿಗೆ. ಹೆಂಡತಿಗೆ ಹೇಳಿದ್ದಿರಾ ಎಂದು ಕೇಳಿದೆ. ಹೆಂಕ್ ಕಪ್ಪನ್ನು ಕೆಳಗಿಟ್ಟರು.

"ಇಲ್ಲ," ಎಂದರು. "ಅಂಗಡಿಗಳ ಕುರ್ಚಿ ಮೇಜು ನೋಡುವ ಹುಚ್ಚು ನನಗೆ ಅಂತ ಅವಳು ಕೊನೆಯವರೆಗೂ ತಿಳಿದಿದ್ದಳು. ಆ ಅಂಗಡಿಗಳ ಮುಂದೆ ನಿಂತು ನಿಂತು ಅವಳ ಎಷ್ಟೋ ಸಂಜೆಗಳು ಹಾಳಾದವು. ಸುಮ್ಮನೆ ಹೇಳಬಹುದಿತ್ತು."

ಟೆರ್ಸ್‌ಕೆಲಿಂಗ್, ಬೆಳಿಗ್ಗೆ

ತಿಂಡಿಗೆ ಮೊದಲೇ ಮಾರಿಕೆಯನ್ನು ಹುಡುಕಿಕೊಂಡು ಹೋದೆ. ಕೆಸರಿಗೆ ಹೋಗುವವರಿಗೆ ಹಳೆಯ ಶೂಗಳನ್ನು ಅಳತೆ ಪ್ರಕಾರ ಜೋಡಿಸುತ್ತಿದ್ದಳು. ನನ್ನ ಮುರುಕು ಇಂಗ್ಲಿಷಿನಲ್ಲಿ, ಕೆಟ್ಟಿರುವುದು ಅವಳ ಮಂಡಿಯಲ್ಲ, ನನ್ನ ಕಾಲು ಎಂದೆ.

"ಅಂದರೆ ನೀವು ಸುಳ್ಳು ಹೇಳಿದಿರಿ," ಎಂದಳು.

ಸಿಟ್ಟಿರಲಿಲ್ಲ. ಹೊರಗೆ ಮೋಡವಾಗಿದೆ ಎನ್ನುವ ಧಾಟಿ. ನಮ್ಮಲ್ಲಾದರೆ, ಇರಲಿ ಬಿಡ್ರಿ, ಆಗ್ತದ ಎನ್ನುತ್ತಿದ್ದರು. ಅಲ್ಲಿ ಯಾರೂ ಹಾಗೆ ಬಿಡಿಸಿ ಕಳಿಸುವುದಿಲ್ಲ. ಹೌದು ಎಂದೆ. ಹೆಂಡತಿಗೆ ಗೊತ್ತೇ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಮೊದಲು ಅವಳಿಗೆ ಹೇಳಿ. ಬಿಲ್ಲೆಯನ್ನು ಅವಳೇ ತಂದು ಹಾಕಬೇಕು, ನಿಮ್ಮ ಕೈಯಿಂದ ನಾನು ತೆಗೆದುಕೊಳ್ಳುವುದಿಲ್ಲ ಎಂದಳು. ಹೊರಡಲು ಹೆಚ್ಚು ಹೊತ್ತಿಲ್ಲ, ಸಮುದ್ರ ಆಗಲೇ ಇಳಿಯುತ್ತಿದೆ ಎಂದೂ ಸೇರಿಸಿದಳು.

ಸುಲೋಚನಾ ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಸಾಸಿವೆಯಂಥ ಚಾಕೊಲೇಟಿನ ಕಾಳು ಉದುರಿಸಿಕೊಳ್ಳುತ್ತಿದ್ದಳು. ಮುದುಕರೆಲ್ಲ ಬೆಳಿಗ್ಗೆ ಬೆಳಿಗ್ಗೆ ಹೀಗೆ ತಿನ್ನುವುದನ್ನು ಕಂಡು ಮೊದಲ ದಿನ ನಕ್ಕವಳು, ಈಗ ಅವರಿಗಿಂತ ಹೆಚ್ಚು ಉದುರಿಸಿಕೊಳ್ಳುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಕಾಲು, ಕಿಟಕಿ, ಮೊದಲ ಸಂಜೆಯ ಮಾತು. ಕೊನೆಗೆ, ಸೀಟು ಫುಲ್ ಆಗಿರಲಿಲ್ಲ ಎಂದೆ.

ಅವಳು ಬ್ರೆಡ್ಡನ್ನು ಪೂರ್ತಿ ತಿಂದಳು. ತಟ್ಟೆಯಲ್ಲಿ ಉಳಿದ ಕಾಳುಗಳನ್ನು ಬೆರಳಿನಿಂದ ಒತ್ತಿ ಒತ್ತಿ ತಿಂದಳು.

"ನನ್ನ ಬಿಲ್ಲೆ ಎಲ್ಲೈತಿ?" ಎಂದಳು.

ಕೊಟ್ಟೆ. ಅವಳು ಹಲಗೆಯ ಕಡೆಗೆ ನಡೆದಳು. ಆ ನಡಿಗೆ ನೋಡಿದವರು ಯಾರೂ ಮಂಡಿಯ ಮಾತು ಎತ್ತುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮೇಲೊಂದು ಮಳೆಯಂಗಿ ತೊಟ್ಟು, ಯಾರದೋ ಶೂ ಮೆಟ್ಟಿ, ತಂಡದ ಜತೆ ಹಡಗಿಳಿದಳು. ನನಗೆ ಹೋಗಿಬರುತ್ತೇನೆ ಎನ್ನಲಿಲ್ಲ.

ನಾನೂ ಹೆಂಕ್ ಅವರೂ ಸಮುದ್ರದ ಒಡ್ಡಿನ ಮೇಲಿನ ಬೆಂಚಿನಲ್ಲಿ ಕೂತೆವು. ಅಲ್ಲಿಗೆ ತಲುಪಲು ಇಬ್ಬರೂ ಎರಡು ಸಲ ನಿಂತೆವು. ನೋಡಲು ಕಿಟಕಿಗಳಿರಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡೆವು. ಎದುರಿಗೆ ಸಮುದ್ರ ಇರಬೇಕಾದ ಕಡೆ ಬೂದುಬಣ್ಣದ ಬಯಲು, ಅಲ್ಲಲ್ಲಿ ಕನ್ನಡಿ ಚೂರಿನಂತೆ ನೀರು. ಜನರ ಸಾಲು ಆ ಬಯಲಿಗೆ ಇಳಿದು ಸಣ್ಣದಾಗುತ್ತ ಹೋಯಿತು. ಬಹಳ ಹೊತ್ತು ಸೀರೆಯ ಕೆಂಪಂಚು ಕಾಣುತ್ತಿತ್ತು. ಆಮೇಲೆ ಬಾಗಿದ ಕೆಲವು ಚುಕ್ಕೆಗಳು. ಆಮೇಲೆ ಅವೂ ಇಲ್ಲ.

ಕಿಟಕಿಯ ನಾಯಿಗಳು ನೆನಪಾದವು. ಆ ಹೊತ್ತಿನಲ್ಲಿ ಕಡಲಿನ ಕಡೆ ಮುಖ ಮಾಡಿ ಕೂತ ಪಿಂಗಾಣಿ ನಾಯಿ ನಾನೇ ಆಗಿದ್ದೆ. ನಮ್ಮ ಮದುವೆಯಾದಂದಿನಿಂದ ನಾನು ಹೋಗುವವನು, ಅವಳು ಕಾಯುವವಳು. ಕಾಯುವ ಕೆಲಸ ಎಷ್ಟು ಉದ್ದ ಎಂದು ತಿಳಿದದ್ದು ಆ ಬೆಂಚಿನ ಮೇಲೆ. ನೀರು ಮರಳುವ ಹೊತ್ತಾಯಿತೇ ಎಂದು ನಾನು ಪದೇಪದೇ ಕೇಳುತ್ತಿದ್ದೆ, ಹೆಂಕ್ ಪ್ರತಿಸಲವೂ ಇಲ್ಲ ಎನ್ನುತ್ತಿದ್ದರು.

ಅವಳು ಬಂದಾಗ ತೊಡೆಯವರೆಗೆ ಕೆಸರು. ಒಂದು ಕಡೆ ಮಂಡಿಮಟ ಹೂತಿದ್ದಳಂತೆ. ಎಳೆಯಲು ಬಂದ ಮಾರ್ಗದರ್ಶಿ ತಾನೇ ಹೂತು, ಇವಳು ಮೊದಲು ಹೊರಬಂದು ಅವನಿಗೆ ಕೈಕೊಟ್ಟಳಂತೆ. ಮುಖ ಬಿಸಿಲಿಗೆ ಕೆಂಪೇರಿತ್ತು. ಹೆಂಕ್ ಎದ್ದು ಅವಳಿಗೆ ಜಾಗ ಬಿಟ್ಟು ಹಡಗಿನ ಕಡೆ ಹೊರಟರು. ಅವಳು ಬೆಂಚಿನ ಮೇಲೆ ಕೂತು ಶೂ ಕಳಚಿ ನೀರು ಸುರಿದಳು.

"ನಿಮ್ಮ ಕಾಲಿನ ವಿಚಾರ ನನಗ ಗೊತ್ತಿತ್ತು," ಎಂದಳು.

ಯಾವಾಗಿನಿಂದ ಎಂದು ಕೇಳಿದೆ.

"ಹ್ವಾದ ವರ್ಷ ಸಂತಿ ದಿನ ನೀವು ಬಳಿ ಅಂಗಡಿ ಮುಂದ ನಿಂತ್ರಲ್ಲ, ಅವತ್ತಿಂದ. ಮದವ್ಯಾದಾಗಿಂದ ನನಗ ಒಂದ್ ಬಳಿ ಆರಿಸಿ ಕೊಡದವರು ಹಸರ ಬಳಿ ನೋಡಕೋತ ನಿಂತ್ರಿ. ನನಗ ತಿಳೀಲಿಲ್ಲೇನು? ಅದಕ್ಕ ಮುಂದಿನ ಸಲದಿಂದ ನಾನ ಮಂಡಿ ಹಿಡದೈತಿ ಅಂದೆ. ನೀವು ಹೇಳಾಕ ನಾಚತೀರಿ ಅಂತ."

ಅಂದರೆ, ಅವಳ ಮಂಡಿಗೆ ಎಂದೂ ಏನೂ ಆಗಿರಲಿಲ್ಲ.

"ಮಂಡಿ ನೋವು ನಿಮಗ ಕೂಡಾಕಂತ ಕೊಟ್ಟಿದ್ದೆ," ಎಂದಳು, ಸೆರಗಿನ ಕೆಸರು ಹಿಂಡುತ್ತ. "ಅದನ್ನ ತಗೊಂಡು ನನ್ನನ್ನ ಕಟ್ಟಿ ಹಾಕಿದ್ರಿ. ಅದೊಂದಕ್ಕ ಸಿಟ್ಟೈತಿ. ಸ್ವಲ್ಪ ದಿನ ಇರ್ತೈತಿ. ಇರ್ಲಿ ಬಿಡ್ರಿ ಅನ್ನಾಕ ನನ್ನ ಕೈಲಾಗೂದಿಲ್ಲ."

ತಪ್ಪಾಯಿತು ಎಂದೆ. ಇಷ್ಟು ವರ್ಷದಲ್ಲಿ ಮೈಕಿನಲ್ಲಿ ಪ್ರಯಾಣಿಕರಿಗೆ ವಿಷಾದ ಹೇಳಿದ್ದೇನೆ, ಇವಳಿಗೆ ಹೇಳಿದ್ದು ಅದೇ ಮೊದಲು. ಅವಳು ತಲೆಯಾಡಿಸಿ, ಶೂಗಳೆರಡನ್ನೂ ನನ್ನ ಕೈಗೆ ಕೊಟ್ಟು, ಬರಿಗಾಲಿನಲ್ಲಿ ಎದ್ದಳು.

ಗ್ರೋನಿಂಗನ್

ಒಡ್ಡಿನ ಮೇಲೆ ಹೇಳಿದ ಹಾಗೆ ಸಿಟ್ಟು ಇತ್ತು. ಕಾಲುವೆಗಳ ಗುಂಟ ಹಡಗು ಸಾಗುವಾಗ ಅವಳು ಹೆಂಕ್ ಪಕ್ಕದಲ್ಲಿ ಕೂತು, ಭಾಷೆಯಿಲ್ಲದೆಯೇ ಅವರಿಗೆ ಇಸ್ಪೀಟಿನ ಕತ್ತೆಯಾಟ ಕಲಿಸಿದಳು. ನನ್ನನ್ನು ಕರೆಯಲಿಲ್ಲ. ನಾನು ವೀಣಾಳಿಗೆ ಫೋನ್ ಮಾಡಿ ಕಾಲಿನ ವಿಷಯ ಒಪ್ಪಿಸಿದೆ. "ಅಪ್ಪಾ, ಸೀರಿಯಸ್ಲಿ?" ಎಂದು ಶುರು ಮಾಡಿದವಳು ಮುಗಿಸುವ ಹೊತ್ತಿಗೆ ಎರಡು ಊರು ದಾಟಿದ್ದೆವು. ಬಾಡ್‌ಹೂವೆಡಾರ್ಪ್ ಮುಟ್ಟಿದ ಕೂಡಲೇ ಡಾಕ್ಟರು ಎಂದು ತೀರ್ಮಾನವಾಯಿತು.

ಕೊನೆಯ ಸಂಜೆ ಹಲಗೆಯ ಮುಂದೆ ನಿಂತು ನಾನು ಅವಳನ್ನು, ನೀನು ಎಲ್ಲಿಗೆ ಎಂದು ಕೇಳಿದೆ. ಅವಳು ಒಂದು ಕ್ಷಣ ನನ್ನನ್ನು, ಬೇರೆ ಊರಿನ ಬಸ್ಸು ತಪ್ಪಿ ನಮ್ಮ ಅಂಕಣಕ್ಕೆ ಬಂದ ಹಾಗೆ ನೋಡಿದಳು. ಆಮೇಲೆ ಊರ ನಡುವಿನ ಹಳೆಯ ಗೋಪುರ ಹತ್ತುವ ಪ್ರವಾಸಕ್ಕೆ ತನ್ನ ಬಿಲ್ಲೆ ಹಾಕಿದಳು. ನನ್ನದನ್ನು ನಾನು ಒಂದು ಬೂಟಿನ ಕೆಳಗೆ ಹಾಕಿದೆ. ಎರಡು ಬಿಲ್ಲೆಗಳು ಬೇರೆ ಬೇರೆ ಕೊಕ್ಕೆಯಲ್ಲಿ ತೂಗಿದರೂ ಹಡಗು ಮುಳುಗಲಿಲ್ಲ.

ಮರುದಿನ ನನ್ನ ಪ್ರವಾಸ ಬೇಗ ಮುಗಿಯಿತು. ಗೋಪುರದ ಕೆಳಗಿನ ಚೌಕದಲ್ಲಿ ಕಾದೆ. ಸುತ್ತ ಎಲ್ಲಿ ನೋಡಿದರೂ ಸೈಕಲ್ ಏರಿದ ಕಾಲೇಜು ಹುಡುಗ ಹುಡುಗಿಯರು. ಅವಳು ಇಳಿದು ಬಂದಾಗ ಉಸಿರು ಸ್ವಲ್ಪ ಏರಿತ್ತು. ಮೇಲಿನಿಂದ ನಾನು ಕಾಣಿಸಿದೆನೇ ಎಂದು ಕೇಳಿದೆ. ಬಿಳಿ ತಲೆಗಳು ಬಹಳ ಇದ್ದವು, ಗುರುತು ಸಿಗಲಿಲ್ಲ ಎಂದಳು. ಆದರೆ ನಗುತ್ತ ಹೇಳಿದಳು.

ಹಡಗಿನ ತನಕ ನಡೆದೇ ಹೋಗೋಣ ಎಂದೆ. ಹೆಂಕ್ ಹೇಳಿದ ಮದ್ದು: ನಡೆ, ನಿಲ್ಲು, ನಡೆ. ಕಾಲುವೆಯ ಪಕ್ಕದ ಬೀದಿಯಲ್ಲಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಮೀನಖಂಡ ಹಿಂಡತೊಡಗಿತು. ಎದುರಿಗೆ ದೊಡ್ಡ ಕಿಟಕಿ, ಅಂಚಿನಲ್ಲಿ ಹೂಕುಂಡ, ಹಿತ್ತಾಳೆಯ ದೀಪ. ಹಳೆಯ ಅಭ್ಯಾಸದಿಂದ ಕಣ್ಣು ಅತ್ತ ತಿರುಗಿತು. ತಡೆದುಕೊಂಡು, ಬೀದಿಯ ನಡುವೆ ನಿಂತು, ನನ್ನ ಜೀವನದಲ್ಲಿ ಮೊದಲ ಸಲ ಅವಳಿಗೆ ಕೇಳುವ ಹಾಗೆ ಹೇಳಿದೆ.

"ಕಾಲು ಹಿಡದೈತಿ. ನಿಲ್ಲೂಣು."

ಅವಳು ನನ್ನ ತೋಳಿನೊಳಗೆ ಕೈ ಹಾಕಿ, ಮೆಲ್ಲಗೆ ನನ್ನನ್ನು ಕಾಲುವೆಯ ಕಡೆಗೆ ತಿರುಗಿಸಿದಳು.

"ನಿಲ್ರಿ, ಎಷ್ಟೊತ್ತಾರ ನಿಲ್ರಿ," ಎಂದಳು. "ಆದ್ರ ಕಿಟಕಿ ಕಡೆ ನೋಡಬ್ಯಾಡ್ರಿ. ಪಾಪ, ಒಳಗ ಅವರು ಊಟ ಮಾಡಾಕತ್ತಾರ."